ಹಲವು ಆಟಗಳಿಗೆ ಒಂದೇ ಟೋಕನ್: ಸೇರುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಮ್ಮದು ಐದು ಜನರ ಚಿಕ್ಕ ತಂಡ. ಕಾರ್ಡುಗಳನ್ನು ಸಂಗ್ರಹಿಸಿ ಸೆಣಸುವ ಆಟವೊಂದನ್ನು ರೂಪಿಸುತ್ತಿದ್ದೇವೆ. ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳು ಒಟ್ಟಾಗಿ ಇಡುವ ಹಂಚಿಕೆಯ ದಾಖಲೆ) ಆಧರಿಸಿದ ಗೇಮಿಂಗ್ ಜಾಲವೊಂದು ತನ್ನಲ್ಲಿ ಸೇರುವಂತೆ ನಮ್ಮನ್ನು ಕರೆದಿದೆ. ಅದರಲ್ಲಿ ಈಗಾಗಲೇ ಹತ್ತಾರು ಆಟಗಳಿದ್ದು ಎಲ್ಲಕ್ಕೂ ಒಂದೇ ಟೋಕನ್ (ಕೊಂಡು ಮಾರಬಹುದಾದ ಡಿಜಿಟಲ್ ನಾಣ್ಯ) ಬಳಕೆಯಲ್ಲಿದೆ. ಒಂದು ಆಟದಲ್ಲಿ ಗಳಿಸಿದ ವಸ್ತುವನ್ನು ಇನ್ನೊಂದರಲ್ಲಿ ಬಳಸಬಹುದು, ಆಟಗಳು ಹೆಚ್ಚಿದಂತೆ ಟೋಕನ್ನಿನ ಬೆಲೆಯೂ ಹೆಚ್ಚುತ್ತದೆ, ವ್ಯವಸ್ಥೆ ವಿಕೇಂದ್ರೀಕೃತವಾದ್ದರಿಂದ ಯಾರೊಬ್ಬರ ಹಿಡಿತದಲ್ಲೂ ಇಲ್ಲ ಎನ್ನುತ್ತಾರೆ. ಅನುದಾನವನ್ನೂ ಅದೇ ಟೋಕನ್ನಿನಲ್ಲಿ ಕೊಡುತ್ತಾರಂತೆ. ಈ ಮಾತುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಸೇರುವುದಾದರೆ ಆಟವನ್ನು ಹೇಗೆ ಕಟ್ಟಬೇಕು?

ಉತ್ತರ: ನಿಮಗೆ ಬಂದಿರುವ ಆಹ್ವಾನ ಮೇಲುನೋಟಕ್ಕೆ ಒಂದು ತಾಂತ್ರಿಕ ಒಪ್ಪಂದದಂತೆ ಕಾಣುತ್ತದೆ. ವಾಲೆಟ್ (ಟೋಕನ್ ಇಡುವ ಡಿಜಿಟಲ್ ಖಾತೆ) ಜೋಡಿಸುವುದು, ಅವರ ಎಸ್‌ಡಿಕೆ (ತಂತ್ರಾಂಶ ಸಲಕರಣೆಗಳ ಕಟ್ಟು) ಬಳಸುವುದು, ಮಾರುಕಟ್ಟೆಯಲ್ಲಿ ನಿಮ್ಮ ಕಾರ್ಡುಗಳನ್ನು ಪಟ್ಟಿ ಮಾಡುವುದು ಇವೆಲ್ಲ ಕೆಲವು ವಾರಗಳಲ್ಲಿ ಮುಗಿಯುವ ಕೆಲಸಗಳು. ಆದರೆ ಆ ಒಪ್ಪಂದಕ್ಕೆ ಸಹಿ ಹಾಕಿದ ದಿನದಿಂದ ನಿಮ್ಮ ಆಟ, ಪರಿಚಯವೇ ಇಲ್ಲದ ಹತ್ತಾರು ತಂಡಗಳ ಜೊತೆ ಒಂದೇ ನಾಣ್ಯವನ್ನು ಹಂಚಿಕೊಳ್ಳುತ್ತದೆ. ಆ ನಾಣ್ಯವನ್ನು ಹೊರಡಿಸುವ ಪ್ರಮಾಣವನ್ನು ನೀವು ನಿರ್ಧರಿಸಲಾರಿರಿ. ಅದರ ಬೆಲೆ ಕುಸಿದರೆ ನಿಮ್ಮ ಆಟಗಾರರು ದೂರುವುದು ಮಾತ್ರ ನಿಮ್ಮನ್ನೇ. ಆದುದರಿಂದ ಸೇರಬಾರದು ಎಂದು ನಾನು ಹೇಳುತ್ತಿಲ್ಲ. ಟೋಕನ್ನನ್ನು ಆಟದ ಹೊಸ್ತಿಲಿನಲ್ಲಿ ಇಟ್ಟುಕೊಳ್ಳಬಹುದು, ಬಹುಮಾನವಾಗಿ ಆಟದ ಒಳಗೆ ಬಿಟ್ಟುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಯಾವುದೇ ಆಟದ ಆರ್ಥಿಕತೆಯಲ್ಲಿ ನೋಡಬೇಕಾದದ್ದು ಒಳಹರಿವು ಮತ್ತು ಹೊರಹರಿವು. ಗೆದ್ದ ಪಂದ್ಯಕ್ಕೆ, ಪೂರೈಸಿದ ಸವಾಲಿಗೆ ಆಟ ಕೊಡುವ ನಾಣ್ಯ ಒಳಹರಿವು. ಕಾರ್ಡನ್ನು ಬಲಪಡಿಸಲು, ಪಂದ್ಯಾವಳಿಗೆ ಪ್ರವೇಶಿಸಲು, ಮಾರಾಟದ ಶುಲ್ಕಕ್ಕೆಂದು ಆಟ ಹಿಂತೆಗೆದುಕೊಂಡು ನಾಶಮಾಡುವ ನಾಣ್ಯ ಹೊರಹರಿವು. ಇವೆರಡರ ನಡುವಣ ಅಂತರ ಬಹುಕಾಲ ಒಂದೇ ಕಡೆಗೆ ವಾಲಿದರೆ ಆಟದೊಳಗಿನ ಬೆಲೆಗಳು ಅರ್ಥ ಕಳೆದುಕೊಳ್ಳುತ್ತವೆ. ಇದು ಬ್ಲಾಕ್‌ಚೈನ್ ತಂದ ಸಮಸ್ಯೆಯಲ್ಲ. ಈವ್ ಆನ್‌ಲೈನ್ ಆಟವನ್ನು ನಡೆಸುವ ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆ 2007ರಲ್ಲಿಯೇ ಈ ಲೆಕ್ಕ ನೋಡಿಕೊಳ್ಳುವುದಕ್ಕಾಗಿ ಒಬ್ಬ ಅರ್ಥಶಾಸ್ತ್ರಜ್ಞರನ್ನು ನೇಮಿಸಿಕೊಂಡಿತ್ತು. ಅಲ್ಲಿ ಆಟ ಒಂದು, ಒಡೆತನ ಒಂದು, ತಪ್ಪಿದ್ದನ್ನು ಮುಂದಿನ ಪರಿಷ್ಕರಣೆಯಲ್ಲಿ ತಿದ್ದುವ ಅಧಿಕಾರವೂ ಒಬ್ಬರ ಕೈಯಲ್ಲಿ ಇತ್ತು. ಅಷ್ಟಿದ್ದೂ ಅದು ಪೂರ್ಣಾವಧಿಯ ಕೆಲಸವಾಗಿತ್ತು.

ಹಂಚಿಕೆಯ ಟೋಕನ್ ಎಂದರೆ ಹಲವು ಊರುಗಳ ಕಾಲುವೆಗಳು ಬಂದು ಸೇರುವ, ಪ್ರತಿ ಊರಿಗೂ ಒಂದೊಂದು ತೂಬು ಇರುವ ಒಂದೇ ಕೆರೆ. ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ನಿಮ್ಮ ಆಟದಲ್ಲಿ ದಿನಕ್ಕೆ 5,000 ಆಟಗಾರರಿದ್ದಾರೆ, ಒಬ್ಬೊಬ್ಬರಿಗೂ ಸರಾಸರಿ 4 ಟೋಕನ್ ಬಹುಮಾನ ಸಿಗುತ್ತದೆ ಎಂದುಕೊಳ್ಳಿ. ಒಳಹರಿವು 20,000. ನೀವು ಜಾಗರೂಕರಾಗಿ ವಿನ್ಯಾಸ ಮಾಡಿರುವುದರಿಂದ 19,000 ಟೋಕನ್ ಶುಲ್ಕದ ರೂಪದಲ್ಲಿ ಹಿಂದಕ್ಕೆ ಬಂದು ನಾಶವಾಗುತ್ತದೆ. ಅದೇ ಜಾಲದ ಇನ್ನೊಂದು ಆಟದಲ್ಲಿ ಒಂದು ಲಕ್ಷ ಆಟಗಾರರಿದ್ದು ಒಬ್ಬೊಬ್ಬರಿಗೆ 10 ಟೋಕನ್ ಕೊಡಲಾಗುತ್ತಿದೆ. ಹೊಸಬರನ್ನು ಸೆಳೆಯುವ ಆತುರದಲ್ಲಿರುವ ಅವರ ಹೊರಹರಿವು 3 ಲಕ್ಷ ಮಾತ್ರ. ಎರಡೂ ಸೇರಿ ದಿನವೊಂದಕ್ಕೆ 7,01,000 ಟೋಕನ್ ಹೆಚ್ಚುವರಿಯಾಗಿ ಚಲಾವಣೆಗೆ ಬರುತ್ತದೆ. ಅದರಲ್ಲಿ ನಿಮ್ಮ ಪಾಲು ಕೇವಲ 1,000. ಮಾರುಕಟ್ಟೆ ಬೆಲೆ ಕಟ್ಟುವುದು ಮೊತ್ತಕ್ಕೆ; ಯಾವ ಟೋಕನ್ ಯಾವ ಆಟದಿಂದ ಬಂತು ಎಂದು ಅದು ಕೇಳುವುದಿಲ್ಲ. ಪಕ್ಕದ ತಂಡದವರ ಉದಾರತೆಯ ಬೆಲೆಯನ್ನು ನಿಮ್ಮ ಆಟಗಾರರೂ ತೆರುತ್ತಾರೆ. ಅವರ ಆಟಕ್ಕೆ ಬಾಟ್‌ಗಳು, ಅಂದರೆ ಮನುಷ್ಯರ ಬದಲು ಆಡಿ ಬಹುಮಾನ ಬಾಚುವ ಪ್ರೋಗ್ರಾಂಗಳು, ನುಗ್ಗಿದರೆ ಅದರ ಪರಿಣಾಮವೂ ನಿಮ್ಮವರೆಗೆ ಬರುತ್ತದೆ. ಬಾಟ್‌ಗಳನ್ನು ತಡೆಯುವುದು ದುಬಾರಿ ಕೆಲಸ, ಅದರ ಲಾಭ ಮಾತ್ರ ಎಲ್ಲರಿಗೂ ಹಂಚಿಹೋಗುವಂಥದ್ದು. ಹಾಗಾಗಿ ತಡೆಯುವ ಉತ್ಸಾಹ ಯಾರಿಗೂ ಪೂರ್ತಿ ಇರುವುದಿಲ್ಲ.

ಬೆಲೆ ಇಳಿದರೆ ಮಾತ್ರ ತೊಂದರೆ ಎಂದು ಭಾವಿಸಬೇಡಿ. ನಿಮ್ಮ ಅಪರೂಪದ ಕಾರ್ಡೊಂದರ ಬೆಲೆಯನ್ನು 100 ಟೋಕನ್ ಎಂದು ನಿಗದಿ ಮಾಡಿದ್ದೀರಿ ಎಂದಿಟ್ಟುಕೊಳ್ಳಿ. ಟೋಕನ್ನಿನ ಬೆಲೆ ಒಂದು ತಿಂಗಳಲ್ಲಿ ಮೂರು ಪಟ್ಟು ಏರಿದರೆ, ಕಾರ್ಡಿನಲ್ಲಿ ಏನೂ ಬದಲಾಗದೆಯೇ ಹೊಸ ಆಟಗಾರ ಮೂರು ಪಟ್ಟು ಹಣ ಕೊಡಬೇಕಾಗುತ್ತದೆ. ಹಳೆಯ ಆಟಗಾರ ಆಡುವುದನ್ನು ಬಿಟ್ಟು, ಕೈಯಲ್ಲಿರುವುದನ್ನು ಮಾರಿ ಹೊರನಡೆಯುವ ಲೆಕ್ಕ ಹಾಕುತ್ತಾನೆ. ಬೆಲೆ ಏರಿದಾಗ ಪ್ರವೇಶ ದುಬಾರಿಯಾಗುತ್ತದೆ, ಇಳಿದಾಗ ಬಹುಮಾನ ಹಗುರವಾಗುತ್ತದೆ. ಆಟದ ವಿನ್ಯಾಸಕನಿಗೆ ಬೇಕಾದ ಸ್ಥಿರತೆ ಎರಡು ಸಂದರ್ಭದಲ್ಲೂ ಸಿಗುವುದಿಲ್ಲ.

ಈ ವಿಷಯದಲ್ಲಿ ಆಕ್ಸಿ ಇನ್ಫಿನಿಟಿಯ ಅನುಭವವನ್ನು ನೀವು ಕೂಲಂಕಷವಾಗಿ ಓದಬೇಕು. ಆಕ್ಸಿ ಎಂಬ ಜೀವಿಗಳನ್ನು ಸಾಕಿ ಸೆಣಸುವ, ಸ್ಕೈ ಮೇವಿಸ್ ಸಂಸ್ಥೆಯ ಈ ಬ್ಲಾಕ್‌ಚೈನ್ ಆಟದಲ್ಲಿ ಎರಡು ಟೋಕನ್‌ಗಳಿದ್ದವು. ಗರಿಷ್ಠ 27 ಕೋಟಿಗೆ ಮಿತಿಗೊಳಿಸಿದ ಎಎಕ್ಸ್‌ಎಸ್ ಒಂದು. ಆಟವಾಡಿ ಗಳಿಸುವ, ಮಿತಿಯೇ ಇಲ್ಲದ ಎಸ್‌ಎಲ್‌ಪಿ ಇನ್ನೊಂದು. ಎಸ್‌ಎಲ್‌ಪಿಯ ಮುಖ್ಯ ಹೊರಹರಿವು ಹೊಸ ಆಕ್ಸಿ ಜೀವಿಗಳನ್ನು ಹುಟ್ಟಿಸುವ ಶುಲ್ಕ. ಹೊಸ ಜೀವಿಗಳಿಗೆ ಗಿರಾಕಿಗಳು ಬೇಕು, ಗಿರಾಕಿಗಳೆಂದರೆ ಹೊಸ ಆಟಗಾರರು; ಹಾಗಾಗಿ ಹೊಸಬರ ಸಂಖ್ಯೆ ಏರುತ್ತಿರುವವರೆಗೆ ಮಾತ್ರ ಲೆಕ್ಕ ಸರಿದೂಗುತ್ತಿತ್ತು. 2021ರ ಮಧ್ಯಭಾಗದಲ್ಲಿ 30 ಸೆಂಟ್‌ಗಳನ್ನು ದಾಟಿದ್ದ ಎಸ್‌ಎಲ್‌ಪಿ 2022ರ ಆರಂಭದ ಹೊತ್ತಿಗೆ ಒಂದೆರಡು ಸೆಂಟ್‌ಗಳಿಗೆ ಇಳಿದಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಸಂಸ್ಥೆ ಅಡ್ವೆಂಚರ್ ವಿಭಾಗದಿಂದಲೂ ದೈನಿಕ ಸವಾಲುಗಳಿಂದಲೂ ಎಸ್‌ಎಲ್‌ಪಿ ಬಹುಮಾನವನ್ನು ತೆಗೆದುಹಾಕಿತು. ಫಿಲಿಪ್ಪೀನ್ಸ್‌ನಲ್ಲಿ ಇದನ್ನೇ ಜೀವನೋಪಾಯವೆಂದು ನಂಬಿ, ಬೇರೆಯವರ ಆಕ್ಸಿಗಳನ್ನು ಪಾಲಿಗೆ ಪಡೆದು ಆಡುತ್ತಿದ್ದವರ ಮೇಲೆ ಈ ನಿರ್ಧಾರದ ಹೊರೆ ಬಿತ್ತು. ಕಹಿಯಾದರೂ ಆ ತಿದ್ದುಪಡಿ ಅಗತ್ಯವಿತ್ತು ಎಂದೇ ನನ್ನ ಭಾವನೆ. ನೀವು ಇಲ್ಲಿ ಗಮನಿಸಬೇಕಾದದ್ದು, ಅದನ್ನು ಮಾಡಲು ಒಂದೇ ಸಂಸ್ಥೆಗೆ ಅಧಿಕಾರವಿತ್ತು ಎಂಬುದನ್ನು. ಹತ್ತು ತಂಡಗಳು ಒಂದೇ ಟೋಕನ್ನನ್ನು ಬಹುಮಾನವಾಗಿ ಹಂಚುತ್ತಿದ್ದಾಗ ಮೊದಲು ಕೈ ಬಿಗಿಹಿಡಿಯುವ ತಂಡ ತನ್ನ ಆಟಗಾರರನ್ನು ಉಳಿದ ಒಂಬತ್ತು ತಂಡಗಳಿಗೆ ಬಿಟ್ಟುಕೊಟ್ಟಂತಾಗುತ್ತದೆ.

ಆದ್ದರಿಂದ ಜಾಲದವರನ್ನು ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಪ್ರತಿ ಆಟ ದಿನಕ್ಕೆ ಎಷ್ಟು ಟೋಕನ್ ಹೊರಡಿಸಬಹುದು ಎಂಬುದಕ್ಕೆ ಮಿತಿ ಇದೆಯೇ, ಇದ್ದರೆ ಅದು ಸ್ಮಾರ್ಟ್ ಕಾಂಟ್ರಾಕ್ಟಿನಲ್ಲಿ (ಬ್ಲಾಕ್‌ಚೈನ್ ಮೇಲೆ ತಾನಾಗಿ ನಡೆಯುವ ಪ್ರೋಗ್ರಾಂನಲ್ಲಿ) ಬರೆಯಲ್ಪಟ್ಟಿದೆಯೇ ಅಥವಾ ಕೇವಲ ಮಾತಿನ ಒಪ್ಪಂದವೇ? ಆಟಗಳಿಗೆ ಹೊಸ ಟೋಕನ್ ಹೊರಡಿಸುವ ಹಕ್ಕೇ ಇಲ್ಲದೆ, ಮೊದಲೇ ಖರೀದಿಸಿಟ್ಟ ನಿಧಿಯಿಂದ ಮಾತ್ರ ಬಹುಮಾನ ಕೊಡಬೇಕೆಂಬ ನಿಯಮವಿದ್ದರೆ ಅದು ಒಳ್ಳೆಯ ಲಕ್ಷಣ. ಉತ್ತರ ಅಸ್ಪಷ್ಟವಾಗಿದ್ದರೆ ಮುಂದಿನ ಪ್ರಶ್ನೆಗಳನ್ನು ಕೇಳುವ ಅಗತ್ಯ ಬಹುಶಃ ಬೀಳುವುದಿಲ್ಲ.

ಇನ್ನು ಆಟಗಳು ಹೆಚ್ಚಿದಂತೆ ಟೋಕನ್ನಿನ ಬೆಲೆಯೂ ಹೆಚ್ಚುತ್ತದೆ ಎಂಬ ಮಾತು. ಬಳಕೆ ಹೆಚ್ಚುವುದು ನಿಜ, ಆದರೆ ಬಳಕೆಯೂ ಬೆಲೆಯೂ ನೇರವಾಗಿ ಗಂಟುಬಿದ್ದಿಲ್ಲ. ಆಟಗಾರನೊಬ್ಬ ಕಾರ್ಡು ಕೊಳ್ಳಲೆಂದು ಟೋಕನ್ ಖರೀದಿಸಿ ಅರ್ಧ ನಿಮಿಷದಲ್ಲಿ ನಿಮಗೆ ಪಾವತಿ ಮಾಡುತ್ತಾನೆ. ಸಂಬಳ ಮತ್ತು ಸರ್ವರ್ ಬಾಡಿಗೆ ಕೊಡಬೇಕಾದ ನೀವು ಅದೇ ದಿನ ಅದನ್ನು ಮಾರುತ್ತೀರಿ. ಇನ್ನೊಬ್ಬ ಆಟಗಾರ ಅದೇ ಟೋಕನ್ನನ್ನು ಕೊಂಡು ಇನ್ನೊಂದು ಆಟದಲ್ಲಿ ಖರ್ಚು ಮಾಡುತ್ತಾನೆ. ಒಂದೇ ಟೋಕನ್ ದಿನಕ್ಕೆ ಹತ್ತು ಬಾರಿ ಕೈ ಬದಲಾಯಿಸಬಲ್ಲದಾದರೆ ದೊಡ್ಡ ವಹಿವಾಟಿಗೂ ಅಲ್ಪ ಪ್ರಮಾಣದ ಟೋಕನ್ ಸಾಕು. ಹಣದ ಪ್ರಮಾಣ, ಅದರ ಚಲಾವಣೆಯ ವೇಗ, ವಹಿವಾಟಿನ ಮೊತ್ತ ಇವುಗಳ ಸಂಬಂಧವನ್ನು ಅರ್ಥಶಾಸ್ತ್ರ ಬಹಳ ಹಿಂದೆಯೇ ಸಮೀಕರಣವಾಗಿ ಬರೆದಿಟ್ಟಿದೆ. ಕೇವಲ ವಿನಿಮಯ ಮಾಧ್ಯಮವಾಗಿರುವ ಟೋಕನ್ನುಗಳಿಗೆ ಇದೇ ತೊಡಕು ಇದೆ ಎಂದು ಇಥೀರಿಯಂ ಎಂಬ ಬ್ಲಾಕ್‌ಚೈನಿನ ಸಹಸ್ಥಾಪಕ ವಿಟಾಲಿಕ್ ಬ್ಯುಟೆರಿನ್ 2017ರಲ್ಲಿಯೇ ಬರೆದಿದ್ದರು. ಟೋಕನ್ನನ್ನು ಯಾರಾದರೂ ಹಿಡಿದಿಟ್ಟುಕೊಳ್ಳಲು ಕಾರಣವಿದ್ದಾಗ ಮಾತ್ರ ಬೆಲೆಗೆ ಆಧಾರ ಸಿಗುತ್ತದೆ. ಹಾಗೆ ಹಿಡಿದಿಡುವಂತೆ ಮಾಡಲು ಟೋಕನ್ನನ್ನು ಕೆಲಕಾಲ ಠೇವಣಿ ಇಡುವ ಸ್ಟೇಕಿಂಗ್ ಎಂಬ ಏರ್ಪಾಟು ಮಾಡಿ, ಇಟ್ಟವರಿಗೆ ಹೊಸದಾಗಿ ಸೃಷ್ಟಿಸಿದ ಟೋಕನ್ನನ್ನೇ ಪ್ರತಿಫಲವಾಗಿ ಕೊಡುವವರು ಇದ್ದಾರೆ. ಅದು ಇಂದಿನ ಮಾರಾಟವನ್ನು ನಾಳೆಗೆ ಮುಂದೂಡುವ ಉಪಾಯ. ಬಡ್ಡಿ ಆಟಗಳ ಆದಾಯದಿಂದ ಬರುತ್ತಿದೆಯೋ ಹೊಸ ಪೂರೈಕೆಯಿಂದ ಬರುತ್ತಿದೆಯೋ ಎಂದು ವಿಚಾರಿಸಿದರೆ ತಿಳಿದುಬಿಡುತ್ತದೆ.

ಹಿಡಿದಿಡಲು ನಿಜವಾದ ಕಾರಣ ಒದಗಿಸಿದ ವಿನ್ಯಾಸಗಳೂ ಇವೆ. 2017ರಲ್ಲಿ ಟೋಕನ್ ಮಾರಾಟ ನಡೆಸಿದ ಎಂಜಿನ್ (Enjin) ಎಂಬ ಬ್ಲಾಕ್‌ಚೈನ್ ಗೇಮಿಂಗ್ ಯೋಜನೆಯ ಕ್ರಮ ನನಗೆ ಇಂದಿಗೂ ಆಸಕ್ತಿಕರವಾಗಿ ಕಾಣುತ್ತದೆ. ಅಲ್ಲಿ ಆಟದ ತಂಡವೊಂದು ಕತ್ತಿಯನ್ನೋ ಗುರಾಣಿಯನ್ನೋ ಸೃಷ್ಟಿಸಬೇಕಾದರೆ ಅದರೊಳಗೆ ಇಂತಿಷ್ಟು ಇಎನ್‌ಜೆ ಟೋಕನ್ನನ್ನು ಕೂಡಿಡಬೇಕಿತ್ತು. ವಸ್ತು ಬೇಡವಾದ ಆಟಗಾರ ಅದನ್ನು ಕರಗಿಸಿ ಒಳಗಿನ ಟೋಕನ್ನನ್ನು ಹಿಂಪಡೆಯಬಹುದಿತ್ತು. ವಸ್ತುಗಳು ಹೆಚ್ಚಿದಷ್ಟೂ ಚಲಾವಣೆಯಿಂದ ಹೊರಗುಳಿಯುವ ಟೋಕನ್ನುಗಳೂ ಹೆಚ್ಚುತ್ತವೆ, ಆಟ ನಿಂತುಹೋದರೂ ಆಟಗಾರನ ಕೈಯಲ್ಲಿ ಏನಾದರೊಂದು ಉಳಿಯುತ್ತದೆ. ಇದರಲ್ಲೂ ಒಂದು ಸಿಕ್ಕು ಇಲ್ಲದಿಲ್ಲ. ಟೋಕನ್ನಿನ ಬೆಲೆ ತೀವ್ರವಾಗಿ ಏರಿದಾಗ ಕತ್ತಿಯನ್ನು ಹಿಡಿದು ಆಡುವುದಕ್ಕಿಂತ ಕರಗಿಸುವುದೇ ಲಾಭದಾಯಕವಾಗುತ್ತದೆ, ಅಂದರೆ ಆಟದ ಸಾಮಗ್ರಿ ಮಾರುಕಟ್ಟೆಯ ಉಬ್ಬರದಲ್ಲಿ ಕರಗಿಹೋಗುತ್ತದೆ. ನಿಮ್ಮನ್ನು ಕರೆದಿರುವ ಜಾಲದಲ್ಲಿ ಇಂಥ ಏರ್ಪಾಟು ಇದ್ದರೆ, ಕೂಡಿಡುವ ಮೊತ್ತವನ್ನು ಕನಿಷ್ಠಕ್ಕೆ ಇಳಿಸಿಕೊಳ್ಳಿ.

ಒಂದು ಆಟದ ವಸ್ತುವನ್ನು ಇನ್ನೊಂದರಲ್ಲಿ ಬಳಸುವ ಭರವಸೆಯ ಕುರಿತು ನಾನು ಹೆಚ್ಚು ಸಂದೇಹಿ. ಎಂಜಿನ್‌ನ ವಿಟೆಕ್ ರಾಡೋಮ್ಸ್ಕಿ ಮತ್ತು ಸಂಗಡಿಗರು 2018ರಲ್ಲಿ ಪ್ರಸ್ತಾಪಿಸಿದ ಇಆರ್‌ಸಿ-1155 ಎಂಬ ಮಾನದಂಡ, ನಾಣ್ಯದಂಥ ಏಕರೂಪದ ಟೋಕನ್ನುಗಳನ್ನೂ ಕತ್ತಿಯಂಥ ವಿಶಿಷ್ಟ ವಸ್ತುಗಳನ್ನೂ ಒಂದೇ ಕಾಂಟ್ರಾಕ್ಟಿನಲ್ಲಿ ಇಡಲು, ಹಲವನ್ನು ಒಂದೇ ವಹಿವಾಟಿನಲ್ಲಿ ಕಳಿಸಲು ಅನುವು ಮಾಡಿಕೊಟ್ಟಿತು. ಅದು ನಿಜಕ್ಕೂ ಉಪಯುಕ್ತವಾದ ಕೆಲಸ. ಆದರೆ ಬ್ಲಾಕ್‌ಚೈನಿನ ಮೇಲೆ ಸಾಮಾನ್ಯವಾಗಿ ಇರುವುದು ಒಂದು ಗುರುತಿನ ಸಂಖ್ಯೆ, ಅದು ಯಾರ ವಿಳಾಸದಲ್ಲಿದೆ ಎಂಬ ದಾಖಲೆ, ಮತ್ತು ವಿವರಗಳಿರುವ ಕಡತವೊಂದರ ಕೊಂಡಿ. ಕತ್ತಿಯ ಚಿತ್ರ, ಅದು ಬೀಸುವ ರೀತಿ, ಅದರ ಪೆಟ್ಟಿನ ಬಲ, ಅದಕ್ಕೆ ಎದುರಾಗಿ ಯಾವ ಕವಚ ತಾಳಬೇಕು ಎಂಬ ಸಮತೋಲನ ಎಲ್ಲವೂ ಆಟದ ಒಳಗಿನವು. ಪಕ್ಕದ ಓಟದ ಆಟದಲ್ಲಿ ನಿಮ್ಮ ಕಾರ್ಡಿಗೆ ಏನು ಕೆಲಸ ಕೊಡುತ್ತಾರೆ? ಕೊಡಬೇಕೆಂದರೆ ಅವರ ಚಿತ್ರಕಾರರು ಮತ್ತು ಪ್ರೋಗ್ರಾಮರುಗಳು ದುಡಿಯಬೇಕು, ಮಾರಾಟದ ಹಣ ಮಾತ್ರ ಈಗಾಗಲೇ ನಿಮಗೆ ಬಂದಿರುತ್ತದೆ. ಅವರಿಗೆ ಅದನ್ನು ಮಾಡುವ ಕಾರಣ ಇರುವುದಿಲ್ಲ. ವಾಸ್ತವದಲ್ಲಿ ಸಾಧ್ಯವಾಗುವುದು ಇಷ್ಟು: ಆಟಗಾರನ ವಾಲೆಟ್ಟಿನಲ್ಲಿ ಬೇರೆ ಆಟದ ಸಾಧನೆಯ ಗುರುತೊಂದು ಇದ್ದರೆ ನಿಮ್ಮಲ್ಲಿ ಒಂದು ಬಣ್ಣದ ಅಂಚು, ಒಂದು ಬಿರುದು, ಒಂದು ಉಚಿತ ಪ್ಯಾಕ್ ಕೊಡಬಹುದು. ಅದು ಚಿಕ್ಕದಾದರೂ ಸುಳ್ಳಲ್ಲದ ಭರವಸೆ.

ವಸ್ತುವಿನ ಒಡೆತನ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಎಫ್1 ಡೆಲ್ಟಾ ಟೈಮ್ ಆಟವನ್ನು ನೋಡಬೇಕು. ಅನಿಮೋಕಾ ಬ್ರ್ಯಾಂಡ್ಸ್ ನಡೆಸುತ್ತಿದ್ದ ಈ ಆಟದ 1-1-1 ಎಂಬ ಕಾರು 2019ರ ಮೇ ತಿಂಗಳಿನಲ್ಲಿ 415.9 ಈಥರ್‌ಗೆ (ಇಥೀರಿಯಂನ ನಾಣ್ಯ), ಅಂದರೆ ಒಂದು ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಮುಂದೆ ಈ ಆಟವೂ ಅದೇ ಸಂಸ್ಥೆಯ ಬೇರೆ ಮೋಟಾರು ಕ್ರೀಡೆಯ ಆಟಗಳೂ ಆರ್‌ಇವಿವಿ ಎಂಬ ಒಂದೇ ಟೋಕನ್ನನ್ನು ಹಂಚಿಕೊಂಡವು. ನಿಮಗೆ ಬಂದಿರುವ ಆಹ್ವಾನಕ್ಕೆ ಬಹಳ ಹತ್ತಿರದ ರಚನೆ. ಫಾರ್ಮುಲಾ 1ರ ಪರವಾನಗಿ ನವೀಕರಣವಾಗದೆ 2022ರ ಮಾರ್ಚ್‌ನಲ್ಲಿ ಆಟ ಮುಚ್ಚಿತು. ಕಾರುಗಳ ಒಡೆತನದ ದಾಖಲೆ ಅಳಿಯಲಿಲ್ಲ, ಓಡಿಸುವ ರಸ್ತೆ ಮಾತ್ರ ಇಲ್ಲವಾಯಿತು. ಸಂಸ್ಥೆ ಮಾಲೀಕರಿಗೆ ಬದಲಿಗೆ ಆರ್‌ಇವಿವಿ ರೇಸಿಂಗ್ ಆಟದ ಕಾರುಗಳನ್ನು ಕೊಡುವುದಾಗಿ ಪ್ರಕಟಿಸಿತು. ಒಂದೇ ಜಾಲದೊಳಗೆ ಸೋದರ ಆಟ ಇದ್ದುದು ಇಲ್ಲಿ ನೆರವಾಯಿತು ಎಂಬುದನ್ನು ಒಪ್ಪಬೇಕು. ಹಾಗೆ ನೆರವಾದದ್ದು ಒಂದು ಸಂಸ್ಥೆಯ ತೀರ್ಮಾನವೇ ಹೊರತು ಬ್ಲಾಕ್‌ಚೈನ್ ಅಲ್ಲ.

ಈಗ ಯಾರೊಬ್ಬರ ಹಿಡಿತದಲ್ಲೂ ಇಲ್ಲ ಎಂಬ ಮಾತಿಗೆ ಬರುತ್ತೇನೆ. ಇದನ್ನು ಯಾರ ಮಾತಿನ ಮೇಲೂ ನಂಬಬೇಕಿಲ್ಲ, ಯಾರ ಮಾತಿನ ಮೇಲೂ ಅಲ್ಲಗಳೆಯಬೇಕಿಲ್ಲ. ಬ್ಲಾಕ್‌ಚೈನಿನ ದಾಖಲೆಗಳನ್ನು ತೋರಿಸುವ ಬ್ಲಾಕ್ ಎಕ್ಸ್‌ಪ್ಲೋರರ್ ತಾಣವನ್ನು ತೆರೆದು ಟೋಕನ್ನಿನ ಕಾಂಟ್ರಾಕ್ಟನ್ನು ನಿಮ್ಮ ತಂಡದ ಪ್ರೋಗ್ರಾಮರ್ ಒಂದು ಮಧ್ಯಾಹ್ನದಲ್ಲಿ ಓದಬಹುದು. ಮೂಲ ಕೋಡ್ ಪರಿಶೀಲಿತವಾಗಿ ಪ್ರಕಟವಾಗಿದೆಯೇ ಎಂದು ಮೊದಲು ನೋಡಲಿ. ಆಮೇಲೆ ಹೊಸ ಟೋಕನ್ ಸೃಷ್ಟಿಸುವ ಮಿಂಟ್ ಎಂಬ ಕಾರ್ಯವನ್ನು ಹುಡುಕಿ, ಅದನ್ನು ಕರೆಯುವ ಅನುಮತಿ ಯಾವ ವಿಳಾಸಗಳಿಗಿದೆ, ಆ ಅನುಮತಿಯನ್ನು ಇನ್ನೊಬ್ಬರಿಗೆ ಕೊಡುವ ಅಧಿಕಾರ ಯಾರಿಗಿದೆ ಎಂದು ಗುರುತು ಹಾಕಿಕೊಳ್ಳಲಿ. ಕಾಂಟ್ರಾಕ್ಟು ಪ್ರಾಕ್ಸಿಯ ಹಿಂದೆ ಇದೆಯೇ ಎಂಬುದು ಬಹು ಮುಖ್ಯ, ಏಕೆಂದರೆ ಪ್ರಾಕ್ಸಿ ಇದ್ದರೆ ಇಂದು ಓದಿದ ಕೋಡನ್ನು ನಾಳೆ ಬದಲಾಯಿಸಬಹುದು. ಬದಲಾಯಿಸುವ ಕೀಲಿ ಒಬ್ಬರ ವಾಲೆಟ್ಟಿನಲ್ಲಿದೆಯೇ, ಹಲವರ ಸಹಿ ಬೇಕಾದ ಮಲ್ಟಿಸಿಗ್‌ನಲ್ಲಿದೆಯೇ, ಬದಲಾವಣೆ ಜಾರಿಗೆ ಬರುವ ಮೊದಲು ಕೆಲವು ದಿನಗಳ ಟೈಮ್‌ಲಾಕ್ ಇದೆಯೇ ಎಂಬುದನ್ನೂ ನೋಡಲಿ. ಮಲ್ಟಿಸಿಗ್ ಇದ್ದರೂ ಸಹಿದಾರರೆಲ್ಲ ಒಂದೇ ಸಂಸ್ಥೆಯ ನೌಕರರಾಗಿದ್ದರೆ ಅದು ಕಾಗದದ ಮೇಲಿನ ಹಂಚಿಕೆ ಮಾತ್ರ.

ಇದೇಕೆ ಮುಖ್ಯ ಎಂಬುದಕ್ಕೆ ಗಾಲಾ ಗೇಮ್ಸ್ ಜಾಲದಲ್ಲಿ 2024ರ ಮೇ ತಿಂಗಳಲ್ಲಿ ನಡೆದದ್ದು ಸಾಕ್ಷಿ. ಅದೂ ಹಲವು ಆಟಗಳು ಗಾಲಾ ಎಂಬ ಒಂದೇ ಟೋಕನ್ ಸುತ್ತ ಕಟ್ಟಿದ ಜಾಲ. ಟೋಕನ್ ಸೃಷ್ಟಿಸುವ ಅನುಮತಿ ಇದ್ದ ಖಾತೆಯೊಂದನ್ನು ವಶಪಡಿಸಿಕೊಂಡ ಆಕ್ರಮಣಕಾರ ಒಮ್ಮೆಗೇ 500 ಕೋಟಿ ಗಾಲಾ ಸೃಷ್ಟಿಸಿ, ಸುಮಾರು 60 ಕೋಟಿಯನ್ನು ಮಾರಿಯೂ ಬಿಟ್ಟ. ಆಮೇಲೆ ಆ ವಿಳಾಸವನ್ನೇ ಕಾಂಟ್ರಾಕ್ಟಿನ ನಿಷೇಧಪಟ್ಟಿಗೆ ಸೇರಿಸಿ ಉಳಿದ ಟೋಕನ್ನುಗಳು ಅಲುಗಾಡದಂತೆ ಮಾಡಲಾಯಿತು. ಮಾರಿ ಬಂದ ಈಥರ್ ಕೂಡ ಮರುದಿನ ಹಿಂದಿರುಗಿತು. ಹಾನಿ ತಪ್ಪಿಸಿದ್ದು ಯಾರದೇ ವಿಳಾಸವನ್ನು ಸ್ತಬ್ಧಗೊಳಿಸಬಲ್ಲ ಒಂದು ಕೇಂದ್ರೀಯ ಅಧಿಕಾರ. ಅಂಥ ಅಧಿಕಾರ ಇರುವುದು ತಪ್ಪೆಂದು ನಾನು ಹೇಳುವುದಿಲ್ಲ, ಆಟಗಳ ಜಾಲಕ್ಕೆ ಅದು ಬೇಕಾಗಬಹುದು. ಇದ್ದುದನ್ನು ಇಲ್ಲವೆಂದು ಹೇಳಿ ಮಾರಬಾರದು ಅಷ್ಟೇ.

ಟೋಕನ್ನಿನ ಕಾಂಟ್ರಾಕ್ಟು ಗಟ್ಟಿಯಾಗಿದ್ದರೂ ಅದು ಓಡಾಡುವ ಸೇತುವೆ ಗಟ್ಟಿಯಿರಬೇಕೆಂದಿಲ್ಲ. ಆಟಗಳಿಗಾಗಿಯೇ ಕಟ್ಟಿದ ಬಹುತೇಕ ಜಾಲಗಳು ಪ್ರತಿ ವಹಿವಾಟಿಗೆ ತೆರಬೇಕಾದ ಗ್ಯಾಸ್ ಶುಲ್ಕ ಉಳಿಸಲು ತಮ್ಮದೇ ಚೈನ್ ನಡೆಸಿ, ಚೈನುಗಳ ನಡುವೆ ಟೋಕನ್ ದಾಟಿಸುವ ಬ್ರಿಡ್ಜ್ ಮೂಲಕ ಇಥೀರಿಯಂಗೆ ಜೋಡಿಸುತ್ತವೆ. ಆಕ್ಸಿಯ ರೋನಿನ್ ಬ್ರಿಡ್ಜ್‌ನಲ್ಲಿ ವಹಿವಾಟನ್ನು ಅನುಮೋದಿಸುವ ಒಂಬತ್ತು ವ್ಯಾಲಿಡೇಟರುಗಳಿದ್ದು ಐವರ ಸಹಿ ಇದ್ದರೆ ಹಣ ಹೊರಹೋಗುತ್ತಿತ್ತು. ಒಂಬತ್ತರಲ್ಲಿ ನಾಲ್ಕು ಸ್ಕೈ ಮೇವಿಸ್‌ನದೇ. 2021ರ ನವೆಂಬರ್‌ನಲ್ಲಿ ಬಳಕೆದಾರರ ಒತ್ತಡ ಹೆಚ್ಚಿದಾಗ ಇನ್ನೊಂದು ವ್ಯಾಲಿಡೇಟರ್ ಹೊಂದಿದ್ದ ಆಕ್ಸಿ ಡಿಎಒ ಎಂಬ ಸಮುದಾಯ ಸಂಘಟನೆ ತನ್ನ ಪರವಾಗಿ ಸಹಿ ಮಾಡುವ ಅವಕಾಶವನ್ನು ಅದೇ ಸಂಸ್ಥೆಗೆ ತಾತ್ಕಾಲಿಕವಾಗಿ ಕೊಟ್ಟಿತು. ಡಿಸೆಂಬರ್‌ನಲ್ಲಿ ಆ ಏರ್ಪಾಟು ನಿಂತರೂ ಅನುಮತಿಯನ್ನು ಹಿಂದಕ್ಕೆ ಪಡೆದಿರಲಿಲ್ಲ. ಹೀಗೆ ಐದು ಸಹಿಗಳೂ ಒಂದೇ ಬಾಗಿಲಿನ ಹಿಂದೆ ಸೇರಿದ್ದವು. 2022ರ ಮಾರ್ಚ್ 23ರಂದು 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ (ಡಾಲರಿಗೆ ಸಮನಾಗಿ ಇಟ್ಟ ಟೋಕನ್) ಕಳವಾಯಿತು. ಆರು ದಿನಗಳ ನಂತರ ಬಳಕೆದಾರರೊಬ್ಬರಿಗೆ 5,000 ಈಥರ್ ಹಿಂಪಡೆಯಲಾಗದಿದ್ದಾಗಲೇ ಅದು ಗೊತ್ತಾದದ್ದು. ಉತ್ತರ ಕೊರಿಯಾದೊಂದಿಗೆ ನಂಟಿರುವ ಲಾಜರಸ್ ಗುಂಪು ಇದರ ಹಿಂದಿದೆ ಎಂದು ಅಮೆರಿಕದ ಎಫ್‌ಬಿಐ ಹೇಳಿತು. ನಿಮಗೆ ಇದರಿಂದ ದೊರೆಯುವ ಪ್ರಶ್ನೆ ಸರಳವಾದದ್ದು: ವ್ಯಾಲಿಡೇಟರುಗಳು ಎಷ್ಟು ಎಂದು ಕೇಳಬೇಡಿ, ಅವರು ಎಷ್ಟು ಬೇರೆಬೇರೆ ಕೈಗಳಲ್ಲಿ ಇದ್ದಾರೆ ಮತ್ತು ಹಣ ಹೊರಹೋಗುವಾಗ ಯಾರು ಗಮನಿಸುತ್ತಿರುತ್ತಾರೆ ಎಂದು ಕೇಳಿರಿ.

ಟೋಕನ್ ಹೊಂದಿದವರ ಮತದಾನದ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಮತದ ತೂಕ ಟೋಕನ್ನಿನ ಸಂಖ್ಯೆಗೆ ತಕ್ಕಂತೆ ಇರುವಲ್ಲಿ ಆರಂಭದ ಹೂಡಿಕೆದಾರರೂ ಸ್ಥಾಪಕರೂ ತೀರ್ಮಾನಿಸುತ್ತಾರೆ, ಐದು ಜನರ ತಂಡದ ಧ್ವನಿ ಕೇಳುವುದಿಲ್ಲ. ಆಟದ ಸಮತೋಲನಕ್ಕೆ ಸಂಬಂಧಿಸಿದ ಯಾವ ವಿಷಯವೂ ಆ ಮತದಾನದ ವ್ಯಾಪ್ತಿಗೆ ಬಾರದಂತೆ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಅಪರೂಪದ ಕಾರ್ಡು ಹೊಂದಿದವರು ಅದನ್ನು ದುರ್ಬಲಗೊಳಿಸುವ ತಿದ್ದುಪಡಿಗೆ ಎಂದಿಗೂ ಕೈ ಎತ್ತುವುದಿಲ್ಲ.

ಅನುದಾನದ ಬಗ್ಗೆ. ಟೋಕನ್ನಿನಲ್ಲಿ ಕೊಡುವ ಅನುದಾನ ಸಾಮಾನ್ಯವಾಗಿ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಅದೇ ಅವಧಿಯಲ್ಲಿ ಹೂಡಿಕೆದಾರರ ಪಾಲು, ಸ್ಥಾಪಕರ ಪಾಲು, ಬೇರೆ ತಂಡಗಳ ಅನುದಾನವೂ ಮಾರುಕಟ್ಟೆಗೆ ಬರುತ್ತಿರುತ್ತದೆ. ಬಿಡುಗಡೆಯ ವೇಳಾಪಟ್ಟಿಯನ್ನು ಕೇಳಿ ಪಡೆದು, ನಿಮ್ಮ ಕಂತುಗಳ ದಿನಾಂಕಗಳನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿ. ದೊಡ್ಡ ಬಿಡುಗಡೆಗಳೆಲ್ಲ ನಿಮ್ಮ ಮೊದಲ ಕಂತಿಗಿಂತ ಮುಂಚೆ ಇದ್ದರೆ ನೀವು ಸಾಲಿನ ಕೊನೆಯಲ್ಲಿ ನಿಂತಿದ್ದೀರಿ ಎಂದರ್ಥ. ಸಂಬಳಕ್ಕೆ ಬೇಕಾದಷ್ಟನ್ನಾದರೂ ಡಾಲರಿನ ಲೆಕ್ಕದಲ್ಲಿ ನಿಗದಿಪಡಿಸಿ, ಕೊಡುವ ದಿನದ ಬೆಲೆಗೆ ತಕ್ಕಂತೆ ಟೋಕನ್ನುಗಳ ಸಂಖ್ಯೆ ಬದಲಾಗುವಂತೆ ಮಾಡಿಸಿಕೊಳ್ಳುವುದು ಕ್ಷೇಮ.

ಇಷ್ಟಾದ ಮೇಲೂ ಸೇರುವ ಮನಸ್ಸಿದ್ದರೆ, ಆಟವನ್ನು ಹೀಗೆ ಕಟ್ಟಿ. ಆಟದೊಳಗೆ ಗಳಿಸುವ, ಖರ್ಚು ಮಾಡುವ ನಾಣ್ಯ ನಿಮ್ಮ ಸರ್ವರಿನಲ್ಲಿರುವ ಸಾಮಾನ್ಯ ಅಂಕವಾಗಿರಲಿ, ಅದಕ್ಕೆ ಹೊರಗಿನ ಬೆಲೆ ಇರುವುದು ಬೇಡ. ಹಂಚಿಕೆಯ ಟೋಕನ್ನನ್ನು ಕಾರ್ಡುಗಳ ಪ್ಯಾಕ್ ಮತ್ತು ಪಂದ್ಯಾವಳಿಯ ಪ್ರವೇಶದಂಥ ಖರೀದಿಗಳಿಗೆ ಮಾತ್ರ ಬಳಸಿ, ಅಲ್ಲಿಯೂ ಬೆಲೆಯನ್ನು ಸ್ಥಿರವಾದ ಕರೆನ್ಸಿಯಲ್ಲಿ ಹೇಳಿ, ಪಾವತಿಯ ಕ್ಷಣದಲ್ಲಿ ಎಷ್ಟು ಟೋಕನ್ ಎಂಬುದನ್ನು ಮಾರುಕಟ್ಟೆ ಬೆಲೆಯನ್ನು ತಿಳಿಸುವ ಒರಾಕಲ್ ಸೇವೆ ನೋಡಿ ಲೆಕ್ಕ ಹಾಕಿ. ಆಗ ಟೋಕನ್ನಿನ ಬೆಲೆ ಏನೇ ಆದರೂ ಪ್ಯಾಕಿನ ಬೆಲೆ ಅಷ್ಟೇ ಇರುತ್ತದೆ. ಜಾಲದವರಿಗೆ ಇದು ರುಚಿಸದೆ ಇರಬಹುದು, ಏಕೆಂದರೆ ಅವರಿಗೆ ಬೇಕಾಗಿರುವುದು ನಿಮ್ಮ ಆಟಗಾರರು ಟೋಕನ್ನನ್ನು ಹಿಡಿದಿಟ್ಟುಕೊಳ್ಳುವುದು. ಈ ಷರತ್ತನ್ನು ಮುಂದಿಟ್ಟಾಗ ಅವರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದೇ ಅವರ ಉದ್ದೇಶದ ಬಗ್ಗೆ ಬಹಳಷ್ಟು ತಿಳಿಸುತ್ತದೆ.

ಗಳಿಕೆಯೇ ಆಟದ ಆಕರ್ಷಣೆಯಾದರೆ ಏನಾಗುತ್ತದೆ ಎಂಬುದನ್ನು ಬ್ಲಾಕ್‌ಚೈನ್ ಇಲ್ಲದ ಆಟಗಳೂ ಕಂಡಿವೆ. ಡಯಾಬ್ಲೊ 3ರಲ್ಲಿ ನಿಜವಾದ ಹಣಕ್ಕೆ ವಸ್ತುಗಳನ್ನು ಮಾರುವ ಹರಾಜುಕಟ್ಟೆಯನ್ನು 2012ರಲ್ಲಿ ತೆರೆದ ಬ್ಲಿಝಾರ್ಡ್ ಸಂಸ್ಥೆ, ರಾಕ್ಷಸರನ್ನು ಕೊಂದು ನಿಧಿ ಗಳಿಸುವ ಆಟದ ಮೂಲ ಸುಖವನ್ನೇ ಅದು ಹಾಳುಮಾಡುತ್ತಿದೆ ಎಂದು ಒಪ್ಪಿಕೊಂಡು 2014ರ ಮಾರ್ಚ್ 18ರಂದು ಮುಚ್ಚಿತು. ಉತ್ತಮ ಕಾರ್ಡು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವಾಗ ಅದಕ್ಕಾಗಿ ಆಡುವವರು ಕಡಿಮೆಯಾಗುತ್ತಾರೆ. ನಿಮ್ಮಂಥ ಕಾರ್ಡಿನ ಆಟಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ, ಆದ್ದರಿಂದ ಸಾಮರ್ಥ್ಯವನ್ನು ಬದಲಿಸುವ ಕಾರ್ಡುಗಳನ್ನು ಮಾರಾಟದಿಂದ ಹೊರಗಿಟ್ಟು, ಅಲಂಕಾರದ ಆವೃತ್ತಿಗಳನ್ನು ಮಾತ್ರ ಎನ್‌ಎಫ್‌ಟಿಯಾಗಿ (ಒಡೆತನ ಬ್ಲಾಕ್‌ಚೈನಿನಲ್ಲಿ ದಾಖಲಾಗುವ ವಿಶಿಷ್ಟ ಟೋಕನ್ನಾಗಿ) ಬಿಡುಗಡೆ ಮಾಡಬಹುದೇ ಎಂದು ಯೋಚಿಸಿ.

ಆಟವನ್ನು ಹಂಚುವ ವೇದಿಕೆಗಳ ನಿಯಮಗಳನ್ನು ವಿನ್ಯಾಸದ ಮೊದಲೇ ಓದಿಕೊಳ್ಳಬೇಕು. ವಾಲ್ವ್ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕ್ರಿಪ್ಟೋಕರೆನ್ಸಿ ಅಥವಾ ಎನ್‌ಎಫ್‌ಟಿ ವಿನಿಮಯಕ್ಕೆ ಅವಕಾಶವಿರುವ ಆಟಗಳನ್ನು ಕಂಪ್ಯೂಟರ್ ಆಟಗಳನ್ನು ಮಾರುವ ತನ್ನ ಸ್ಟೀಮ್ ಮಳಿಗೆಯಿಂದ ಹೊರಗಿಟ್ಟಿತು. ಆಪಲ್ 2022ರ ಅಕ್ಟೋಬರ್‌ನಲ್ಲಿ, ಆ್ಯಪ್ ಒಳಗಿನ ಪಾವತಿಯ ಮೂಲಕ ಎನ್‌ಎಫ್‌ಟಿ ಮಾರಲು ಅವಕಾಶ ಕೊಟ್ಟರೂ, ಎನ್‌ಎಫ್‌ಟಿ ಹೊಂದಿರುವುದರಿಂದ ಆ್ಯಪ್‌ನ ಹೊಸ ಸೌಲಭ್ಯಗಳು ತೆರೆದುಕೊಳ್ಳುವಂತಿರಬಾರದು ಎಂದಿತು. ಗೂಗಲ್ ಪ್ಲೇ 2023ರಲ್ಲಿ ಇಂಥ ಆಟಗಳಿಗೆ ಬಾಗಿಲು ತೆರೆದಾಗ, ಆಡಿ ಹಣ ಗಳಿಸಬಹುದು ಎಂದು ವೈಭವೀಕರಿಸಿ ಪ್ರಚಾರ ಮಾಡಬಾರದೆಂಬ ಷರತ್ತು ಹಾಕಿತು. ಈ ನಿಯಮಗಳು ಬದಲಾಗುತ್ತಿರುವುದರಿಂದ ಸಹಿ ಮಾಡುವ ವಾರದಲ್ಲಿ ಮತ್ತೊಮ್ಮೆ ಪರಿಶೀಲಿಸಿ.

ಕೊನೆಯದಾಗಿ ಹೊರಬರುವ ದಾರಿ. ಪ್ರತಿ ಆಟಗಾರನಿಗೂ ನಿಮ್ಮದೇ ಖಾತೆಯ ಗುರುತು ಇರಲಿ, ವಾಲೆಟ್ ಆ ಖಾತೆಗೆ ಜೋಡಿಸಿದ ಹೆಚ್ಚುವರಿ ಸಂಗತಿಯಾಗಿರಲಿ. ಯಾವ ಕಾರ್ಡು ಯಾರ ಬಳಿ ಇದೆ ಎಂಬ ಚೈನಿನ ದಾಖಲೆಯನ್ನು ನಿಮ್ಮ ದತ್ತಸಂಚಯದಲ್ಲಿ ನಿತ್ಯವೂ ಪ್ರತಿ ತೆಗೆದಿಡಿ. ಕಾರ್ಡುಗಳ ಚಿತ್ರ ಮತ್ತು ಹೆಸರಿನ ಹಕ್ಕು ನಿಮ್ಮಲ್ಲಿಯೇ ಉಳಿಯುತ್ತದೆ, ಜಾಲವನ್ನು ಬಿಟ್ಟರೆ ಅದೇ ಕಾರ್ಡುಗಳನ್ನು ಬೇರೆಡೆ ಹೊರಡಿಸುವ ಸ್ವಾತಂತ್ರ್ಯ ನಿಮಗಿರುತ್ತದೆ, ಹಾಗೆ ಬಿಟ್ಟಾಗ ಈಗಾಗಲೇ ಬಿಡುಗಡೆಯಾದ ಅನುದಾನವನ್ನು ಹಿಂದಿರುಗಿಸಬೇಕಿಲ್ಲ ಎಂಬ ಮೂರು ಷರತ್ತುಗಳು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರಬೇಕು. ಸಹಿ ಮಾಡುವ ಮೊದಲು ಟೋಕನ್ನಿನ ಭಾಗವನ್ನು ಸಂಪೂರ್ಣವಾಗಿ ತೆಗೆದುಹಾಕಿದ ಆವೃತ್ತಿಯೊಂದನ್ನು ಸಿದ್ಧಪಡಿಸಿ, ಹೊರಗಿನ ಕೆಲವರಿಗೆ ಒಂದೆರಡು ವಾರ ಆಡಲು ಕೊಡಿ. ಅವರು ತಾವಾಗಿಯೇ ಮರಳಿ ಬಂದು ಆಡದಿದ್ದರೆ, ಜಾಲದವರೊಂದಿಗಿನ ಮಾತುಕತೆಯನ್ನು ಮುಂದೂಡಿ ಆಟದ ಕೆಲಸಕ್ಕೆ ಹಿಂದಿರುಗಿ.